ಹದಿನಾರು ಪುಟದ ಧರಣಿ

ಬಗೆಹರಿಯದ ಜಗಳ ಅಂತ ಲೋಕದಲ್ಲಿ ಯಾವುದೂ ಇಲ್ಲ, ಸರಿಯಾಗಿ ಹಂಚುವ ಕೈ ಬೇಕಷ್ಟೆ ಎಂಬುದು ಮೈಕಣ್ಣನ ನಂಬಿಕೆ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದವನು, ಆ ನಡುವೆ ಹದಿನಾಲ್ಕು ಮುಷ್ಕರ ಮಾಡಿ ಎರಡು ಸಲ ಲಾಠಿ ತಿಂದವನು. ಮೈಕು ಮುಟ್ಟದೆ ಮೂರು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದನಾದ್ದರಿಂದ ಆ ಹೆಸರು.

ಅಂಥವನ ಮನೆಯಲ್ಲೇ ಒಂದು ಪುಸ್ತಕಕ್ಕಾಗಿ ಹಗ್ಗಜಗ್ಗಾಟ ಶುರುವಾಯಿತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತೆರಡು ವರ್ಷದಿಂದ ಗ್ರಂಥಾಲಯದ ಸದಸ್ಯೆ. ಹೊಸದಾಗಿ ಬಂದ ಫ್ಯಾಂಟಸಿ ಕಾದಂಬರಿಯನ್ನು ಎಲ್ಲರಿಗಿಂತ ಮೊದಲು ಹೊತ್ತು ತಂದಿದ್ದಳು. ಎಂಟುನೂರು ಪುಟ, ಇಟ್ಟಿಗೆಯ ತೂಕ, ಏಳೇ ದಿನದ ಗಡುವು. ತಿಂಗಳ ಕೊನೆಯ ಭಾನುವಾರ ಓದಿದವರೆಲ್ಲ ಗ್ರಂಥಾಲಯದಲ್ಲಿ ಕೂತು ಅಭಿಪ್ರಾಯ ಹೇಳುವ ಕೂಟ. ಈ ಸಲ ಮೊದಲ ಮಾತು ಅವಳದು. ಆದರೆ ಅವಳು ಡ್ಯೂಟಿಗೆ ಹೊರಟೊಡನೆ ಪುಸ್ತಕ ಅವಳ ತಾಯಿಯ ಮಡಿಲಿಗೆ ಬೀಳುತ್ತಿತ್ತು. ಎಪ್ಪತ್ತೆಂಟರ ಅತ್ತೆ, ಹಿಡಿದದ್ದನ್ನು ಬಿಡುವವರಲ್ಲ. ಪುಟದ ಗುರುತು ಯಾರು ತೆಗೆದರು ಎಂದು ತಾಯಿ ಮಗಳು ಮಾತು ಬಿಟ್ಟರು.

ಎರಡನೇ ದಿನ ಮೈಕಣ್ಣ ತನ್ನ ಹಳೆಯ ಚಾಕು ತಂದ.

“ರೀ, ಏನು ಮಾಡ್ತಿದೀರಿ?”

“ಸಮಪಾಲು.”

“ಅದು ಗ್ರಂಥಾಲಯದ್ದು. ಹರಿದರೆ ನನ್ನ ಕಾರ್ಡ್ ರದ್ದು ಮಾಡ್ತಾರೆ.”

“ಹರಿಯೋದು ಇಲಿ. ನಾನು ಬೈಂಡರ್. ಶನಿವಾರ ಹೊಲಿದು ಕೊಟ್ಟಾಗ ಇದರ ಹೆತ್ತ ತಾಯಿಗೂ ಗುರುತು ಹತ್ತಬಾರದು, ನೋಡ್ತಿರು.”

ರಟ್ಟು ಬಿಚ್ಚಿ, ದಾರ ಕತ್ತರಿಸಿ, ಪುಸ್ತಕ ಮೂರು ಪಾಲಾಯಿತು. ಮೊದಲ ಪಾಲು ಹೆಂಡತಿಗೆ, ನಡುವಿನದು ಅತ್ತೆಗೆ, ಕೊನೆಯದು ತನಗೆ, ಮುಗಿಸಿದವರು ಬದಲಾಯಿಸಿಕೊಳ್ಳಬೇಕು. “ಅಧಿಕಾರ ಕೊನೆಗೆ ಯಾರ ಕೈಗೆ ಹೋಯ್ತು ಅಂತ ಗೊತ್ತಾದರೆ ಸಾಕು ನನಗೆ,” ಎಂದ. “ಮಿಕ್ಕಿದ್ದೆಲ್ಲ ಭಾಷಣ.”

ತಾಯಿ ಮಗಳಿಗೆ ಮಾತು ಮರಳಿತು, ಜಗಳ ನಿಲ್ಲಲಿಲ್ಲ. ಊಟದ ಮೇಜಿಗೆ ಬಂದು ಕೂತಿತು.

“ಆ ಒಕ್ಕಣ್ಣಿ ಮಾಟಗಾತಿ ಸರಿ ಇಲ್ಲಮ್ಮ. ಮಕ್ಕಳಿಗೆ ಏನೋ ಕುಡಿಸ್ತಾಳೆ.”

“ಬಾಯಿ ಮುಚ್ಚೇ. ಅದು ಔಷಧಿ. ನಂದು ನಡುಭಾಗ, ನಂಗೆ ಗೊತ್ತು. ನರ್ಸ್ ಆಗಿ ಅಷ್ಟೂ ತಿಳಿಯಲ್ವಾ?”

ಮೈಕಣ್ಣ ತೀರ್ಪಿಗೆ ಇಳಿದ. “ಅವಳು ಯಾವ ಸಂಘಕ್ಕೂ ಸೇರಲಿಲ್ಲ, ಅತ್ತೆ. ಸಂಘ ಇಲ್ಲದವರ ಗತಿ ಕೊನೇಲಿ ಏನಾಗತ್ತೆ ಅಂದ್ರೆ...”

ಅತ್ತೆಯ ಚಮಚ ಅರ್ಧದಲ್ಲಿ ನಿಂತಿತು. “ಏನಾಗತ್ತೆ?”

ಮೈಕಣ್ಣ ಬಾಯಿ ಮುಚ್ಚಿದ. ಲಾಠಿಗೂ ಮುಚ್ಚದ ಬಾಯಿ ಅದು. ಆದರೆ ಆಗಲೇ ತಡವಾಗಿತ್ತು. ಮರುದಿನವೇ ಅತ್ತೆ ಕೊನೆಯ ಪಾಲು ಕಸಿದುಕೊಂಡರು.

ಶನಿವಾರ ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೋದ ಮೇಲೆ ಸೂಜಿಗೆ ದಾರ ಪೋಣಿಸಿ ಎಣಿಸಿದರೆ, ಕೊನೆಯ ಹದಿನಾರು ಪುಟದ ಮಡಿಕೆ ಇಲ್ಲ. ಅತ್ತೆ ಕುರ್ಚಿಯ ಮೇಲೆ ಎಂದಿಗಿಂತ ಒಂದು ಬೆರಳು ಎತ್ತರಕ್ಕೆ ಕೂತಿದ್ದರು.

“ಅತ್ತೆ, ಸ್ವಲ್ಪ ಏಳಿ.”

“ಏಳಲ್ಲ.”

“ಸಾಯಂಕಾಲ ಐದಕ್ಕೆ ಕೊಡಬೇಕು. ನಿಮ್ಮ ಮಗಳ ಕಾರ್ಡ್ ಹೋಗತ್ತೆ.”

“ಬೇಡಿಕೆ ಈಡೇರೋವರೆಗೆ ಜಾಗ ಬಿಡಬಾರದು ಅಂತ ಹೇಳಿಕೊಟ್ಟೋರು ಯಾರು, ಅಳಿಯಂದ್ರೇ?”

“ಏನು ನಿಮ್ಮ ಬೇಡಿಕೆ?”

“ಅವಳು ಸಾಯಬಾರದು. ಅಷ್ಟೂ ಜನರ ಗಾಯ ತೊಳೆದೋಳು. ಆ ಕೋಳಿಮರಿ ರಾಜಕುಮಾರ ಸಿಂಹಾಸನ ಹತ್ತೋಕೆ ಅವಳ ಹೆಣ ಮೆಟ್ಟಿಲಾಗಬೇಕಾ?”

“ಅತ್ತೆ, ಅದು ಕತೆ. ಅಚ್ಚಾಗಿ ಹೋಗಿದೆ.”

“ಅಚ್ಚು ಮಾಡೋರು ನೀವೇ ತಾನೆ? ನಿಮ್ಮ ಹದಿನಾಲ್ಕು ಮುಷ್ಕರಕ್ಕೂ ಪಾತ್ರೆಗಟ್ಟಲೆ ಅನ್ನ ಬೇಯಿಸಿ ಕಳಿಸಿದೋಳು ನಾನು. ವೇದಿಕೆ ಮೇಲೆ ಒಂದು ಸಲ ನನ್ನ ಹೆಸರು ಎತ್ತಿದ್ರಾ?”

ಮೈಕಣ್ಣ ಮಾಲೀಕರ ಮುಂದೆ ಕೂತು ಮಾತಾಡಿದವನು, ಅಧಿಕಾರಿಗಳ ಮುಂದೆ ಮೇಜು ಗುದ್ದಿದವನು. ಇಲ್ಲಿ ಗುದ್ದಲು ಮೇಜೂ ಇರಲಿಲ್ಲ. ಬೇಡಿಕೆ ನ್ಯಾಯವಾಗಿದ್ದರೆ ಎದುರು ಪಕ್ಷದ ಪಾಡು ಏನು ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಮಾಟಗಾತಿ ಸಾಯದ ಹೊಸ ಕೊನೆಯ ಪುಟವನ್ನು ಅರ್ಧ ಗಂಟೆಯಲ್ಲಿ ಬರೆದ. ಜೀವಮಾನದಲ್ಲಿ ಬರೆದದ್ದು ಕರಪತ್ರ ಮಾತ್ರ. ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು. ಹಿಂದಿನ ಬೀದಿಯ ಮುದ್ರಣಾಲಯದಲ್ಲಿದ್ದ ಹಳೆಯ ಗೆಳೆಯ ಅದೇ ಬಣ್ಣದ ಹಾಳೆ ಹುಡುಕಿ ಅಚ್ಚು ಮಾಡಿಕೊಟ್ಟ. ಅತ್ತೆ ಎರಡು ಸಲ ಓದಿ ಎದ್ದರು. ಮಾಟಗಾತಿ ಸತ್ತ ಕೊನೆಯ ಹಾಳೆ ಹೊರಗೆ, ಬದುಕಿದ ಹಾಳೆ ಒಳಗೆ. ಹೊಲಿಗೆ, ಅಂಟು, ರಟ್ಟು. ಹೆತ್ತ ತಾಯಿಗೂ ಗುರುತು ಹತ್ತುತ್ತಿರಲಿಲ್ಲ.

ಮಧ್ಯಾಹ್ನ ಬಂದ ಹೆಂಡತಿ ಉಳಿದಿದ್ದ ಕೊನೆಯ ಪುಟಗಳನ್ನು ಓದಿ ಮುಗಿಸಿ ಹುಬ್ಬು ಗಂಟಿಕ್ಕಿದಳು. “ಏನ್ರೀ, ಈ ಮಾಟಗಾತಿ ಕೊನೇಲಿ ನಿಮ್ಮ ಥರ ಮಾತಾಡ್ತಾಳೆ?”

“ದೊಡ್ಡವರ ಮಾತೆಲ್ಲ ಒಂದೇ ಥರ ಇರತ್ತೆ.”

ಐದಕ್ಕೆ ಪುಸ್ತಕ ಗ್ರಂಥಾಲಯ ಸೇರಿತು. ಮೂರು ವಾರದಲ್ಲಿ ಇನ್ನೂ ಮೂವರು ಓದಿದರು. ಕೂಟದ ಭಾನುವಾರ ಮೈಕಣ್ಣ ಅತ್ತೆಯ ಜೊತೆ ಹಿಂದಿನ ಬೆಂಚಿನಲ್ಲಿ ಎದೆ ಉಬ್ಬಿಸಿ ಕೂತ. ಹೆಂಡತಿ ಚೆನ್ನಾಗಿ ಮಾತಾಡಿದಳು. ಆಮೇಲೆ ಟೈಲರಮ್ಮ ಎದ್ದಳು. “ಡ್ರ್ಯಾಗನ್ ನಂಗೆ ಹಿಡಿಸಲಿಲ್ಲ. ಅಷ್ಟು ಚಿನ್ನದ ಮೇಲೆ ಮಲಗತ್ತೆ, ಒಂದು ದಿನಾನೂ ಹಾಕ್ಕೊಳ್ಳಲ್ಲ.” ಅಂಚೆಯವನಿಗೆ ಯುದ್ಧ ಇಷ್ಟವಾಗಿತ್ತು. ಕೊನೆಗೆ ಗಣಿತದ ಮೇಷ್ಟ್ರು ಕನ್ನಡಕ ಏರಿಸಿದರು.

“ಎಂಟುನೂರು ಪುಟ ಆನೆ ನಡೆದ ಹಾಗಿದೆ. ಕೊನೇ ಪುಟ ಮಾತ್ರ ಆನೆ ಬಾಲಕ್ಕೆ ಪೊರಕೆ ಕಟ್ಟಿದ ಹಾಗೆ. ಕೇಳಿ: ‘ಈ ಮೂಲಕ ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಮಾಟಗಾತಿ ಸತ್ತಿರುವುದಿಲ್ಲ. ವದಂತಿಗಳಿಗೆ ಕಿವಿಗೊಡಬೇಡಿ. ಸಿಂಹಾಸನವನ್ನು ಸೌದೆ ಮಾಡಿ ಸಮನಾಗಿ ಹಂಚಲಾಗಿದೆ. ಹೋರಾಟ ಚಿರಾಯುವಾಗಲಿ.’ ಯಾವ ಗೂಬೆ ಬರೆದಿದ್ದು ಇದನ್ನ?”

ಸಭೆ ಬಿದ್ದು ಬಿದ್ದು ನಕ್ಕಿತು. ಮೈಕಣ್ಣನ ಕಿವಿ ಕೆಂಪಾಯಿತು. ಅತ್ತೆ ಅವನ ಅಂಗಿ ಹಿಡಿದು ಎಳೆದರು. ಆದರೂ ಎದ್ದ.

“ಬರೆಯೋರ ಕಷ್ಟ ನಿಮಗೇನು ಗೊತ್ತು, ಮೇಷ್ಟ್ರೇ? ಅರ್ಧ ಗಂಟೇಲಿ ಬರೆದಿದ್ದು ಅದು!”

ಮೂರು ಬೀದಿಗೂ ಕೇಳಿಸಿತು. ಅತ್ತೆ ಮೆಲ್ಲಗೆ, “ಸಿಕ್ಕಿಬಿದ್ವಿ,” ಎಂದರು.

ಗ್ರಂಥಪಾಲಕಿ ಪುಸ್ತಕ ತೆರೆದು, ಹೊಲಿಗೆಯ ಮೇಲೆ ಉಗುರು ಆಡಿಸಿ, ತಲೆ ಎತ್ತಿದಳು. “ಮೊದಲು ಯಾರ ಕಾರ್ಡ್ ಮೇಲೆ ಹೋಗಿತ್ತು ಇದು?”

ಹೆಂಡತಿ ಎದ್ದು ನಿಂತು ಕಾರ್ಡ್ ಚಾಚಿದಳು. ಗಂಡನ ಕಡೆ ನೋಡಲೇ ಇಲ್ಲ. ಬೈದಿದ್ದರೆ ಮೈಕಣ್ಣ ತಡೆದುಕೊಳ್ಳುತ್ತಿದ್ದ.

“ಮೇಡಂ, ಕಾರ್ಡ್ ಮುಟ್ಟಬೇಡಿ. ತಪ್ಪು ನಂದು. ಏನು ಹೇಳಿದರೂ ಒಪ್ಕೋತೀನಿ.”

“ಮೂಲ ಹಾಳೆ ಎಲ್ಲಿ?”

“ಒಲೆಗೆ ಹಾಕಿದೆ,” ಎಂದರು ಅತ್ತೆ, ಕೂತಲ್ಲಿಂದಲೇ. “ಅವತ್ತೇ.”

ಒಪ್ಪಂದ ಅಲ್ಲೇ ಆಯಿತು. ಹೆಂಡತಿಯ ಕಾರ್ಡ್ ಉಳಿಯಿತು. ಇನ್ನು ಒಂದು ವರ್ಷ ಪ್ರತಿ ಭಾನುವಾರ ಮೈಕಣ್ಣ ಗ್ರಂಥಾಲಯದ ಹರಿದ ಪುಸ್ತಕಗಳನ್ನು ರಿಪೇರಿ ಮಾಡಬೇಕು. ಗ್ರಂಥಪಾಲಕಿ ತನ್ನ ಕೈಯಾರೆ ಕೊನೆಯ ಸಾಲು ಸೇರಿಸಿದಳು: ‘ಹೊಲಿಯತಕ್ಕದ್ದು. ಬರೆಯತಕ್ಕದ್ದಲ್ಲ.’ ತನಗಾಗಿ ಒಂದು ಬೇಡಿಕೆಯೂ ಇಲ್ಲದ ಒಪ್ಪಂದಕ್ಕೆ ಮೈಕಣ್ಣ ರುಜು ಹಾಕಿದ್ದು ಅದೇ ಮೊದಲು.

ಮೊದಲ ಭಾನುವಾರ ಸೂಜಿ ದಾರ ಹಿಡಿದು, ತಲೆ ತಗ್ಗಿಸಿ ಗ್ರಂಥಾಲಯದ ಮೂಲೆಯಲ್ಲಿ ಕೂತಿದ್ದ. ಅತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಎಂದಿಗಿಂತ ಒಂದು ಬೆರಳು ಎತ್ತರ.

“ಅಳಿಯಂದ್ರೇ, ಈ ಹೊಸ ಪುಸ್ತಕದಲ್ಲಿ ಕುದುರೆ ಸಾಯೋ ಹಾಗೆ ಕಾಣತ್ತೆ.”