ಇನ್ಸ್‌ಪೆಕ್ಟರ ಹನ್ನೊಂದು ಪುಟವೂ ನನ್ನ ಅರ್ಧ ಹಾಳೆಯೂ

ಚಿಕ್ಕದಾಗಿ ಬರೆಯುವುದು ನನ್ನ ಜಾತಕದಲ್ಲಿಲ್ಲ. ಈ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ಕಂಡು ನನಗೇ ಗಾಬರಿಯಾಗಿದೆ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕೆಲವರಿಗೆ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ, ನನಗೆ ಪೀಠಿಕೆ ಇಲ್ಲದೆ ಮಾತು ಹೊರಡುವುದಿಲ್ಲ. ಮಳವಳ್ಳಿಯಲ್ಲಿ ಮೇಷ್ಟರಾಗಿದ್ದ ನನಗೆ ಮದ್ದೂರಿಗೆ ವರ್ಗವಾದಾಗ, ಆ ಸಂತೋಷವನ್ನು ತಿಳಿಸಲು ನಿಡಘಟ್ಟದ ಮಾವನವರಿಗೊಂದು ಕಾಗದ ಬರೆದೆ. ಲೋಕದಲ್ಲಿ ಬರುವುದು ಹೋಗುವುದು ಯಾವುದೂ ನಮ್ಮ ಕೈಯಲ್ಲಿಲ್ಲ, ಇದ್ದ ಜಾಗವನ್ನು ಒಂದಲ್ಲ ಒಂದು ದಿನ ಎಲ್ಲರೂ ಬಿಡಲೇಬೇಕು ಎಂದು ಶುರುಮಾಡಿದ್ದೆ. ವರ್ಗದ ವಿಷಯ ಮೂರನೆಯ ಪುಟದಲ್ಲಿತ್ತು. ಓದುಬಾರದ ಮಾವನವರು ಶಾನುಭೋಗರಿಂದ ಮೊದಲ ಪುಟ ಓದಿಸಿ ಕೇಳಿ, ಮಿಕ್ಕದ್ದನ್ನು ಕೇಳುವ ಧೈರ್ಯವಿಲ್ಲದೆ, ಅತ್ತೆಯವರನ್ನೂ ನಾಲ್ಕು ಜನ ನೆಂಟರನ್ನೂ ಕಟ್ಟಿಕೊಂಡು ಮಳವಳ್ಳಿಗೆ ಓಡಿಬಂದರು. ಅತ್ತೆಯವರು ಬೀದಿಯಿಂದಲೇ ಗೊಳೋ ಎಂದು ಅಳುತ್ತಾ ಒಳಗೆ ಬಂದರೆ ಅವರ ಮಗಳು ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಮಗಳು ಬದುಕಿರುವುದನ್ನು ಕಂಡು ಅಳಿಯನ ಮೇಲೆ ಅಷ್ಟು ಸಿಟ್ಟಾದ ಮಾವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಂಥ ನನ್ನ ತಲೆಯ ಮೇಲೆ, ಮದ್ದೂರಿಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ, ಸಾರಾಂಶ ಬರೆಯುವ ಕೆಲಸ ಬಿತ್ತು. ಆಗ ಯುದ್ಧದ ಕಾಲ. ಸೀಮೆಎಣ್ಣೆಗೆ ಕಷ್ಟ, ಕಾಗದಕ್ಕೆ ಇನ್ನೂ ಕಷ್ಟ. ಬಸ್ಸುಗಳು ಕೂಡ ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ನಮ್ಮ ಶಾಲಾ ಇನ್ಸ್‌ಪೆಕ್ಟರು ಉಪಾಧ್ಯಾಯರ ಮಾಸಪತ್ರಿಕೆಯೊಂದರಲ್ಲಿ ಮಕ್ಕಳ ಹಾಜರಾತಿಯನ್ನು ಕುರಿತು ಹನ್ನೊಂದು ಪುಟದ ಲೇಖನ ಬರೆದಿದ್ದರು. ಪ್ರತಿಯೊಬ್ಬ ಮೇಷ್ಟರೂ ಅದನ್ನೋದಿ, ಸ್ವಂತ ಮಾತುಗಳಲ್ಲಿ, ಸ್ಪಷ್ಟವಾಗಿ ಸಾರಾಂಶ ಬರೆದೊಪ್ಪಿಸಬೇಕೆಂದು ಹುಕುಂ ಬಂತು. ಕಾಗದದ ಅಭಾವದಿಂದ ಅರ್ಧ ಹಾಳೆ ಮೀರಕೂಡದಂತೆ. ಈ ಅಭಾವ ಅವರಿಗೆ ತಮ್ಮ ಹನ್ನೊಂದು ಪುಟ ಅಚ್ಚಾದ ಮೇಲೆ ನೆನಪಾಗಿತ್ತು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇನ್ಸ್‌ಪೆಕ್ಟರು ಶಾಲೆಗಳ ತಪಾಸಣೆಗೆಂದು ಸರ್ಕೀಟು ಬಂದಾಗ, ನಮ್ಮ ಶಾಲೆಯ ಇಬ್ಬರು ಸಹಾಯಕರಲ್ಲಿ ಒಬ್ಬನನ್ನು ಹಳ್ಳಿಗೆ ವರ್ಗ ಮಾಡುತ್ತಾರೆಂದೂ ಯಾರನ್ನೆಂಬುದು ಸಾರಾಂಶದಿಂದಲೇ ತೀರ್ಮಾನವಾಗುತ್ತದೆಂದೂ ಹೆಡ್‌ಮೇಷ್ಟರು ಗುಟ್ಟಾಗಿ ಹೇಳಿದರು. ಸಹಾಯಕರೆಂದರೆ ನಾನು ಮತ್ತು ಲಿಂಗಣ್ಣ ಮೇಷ್ಟರು. ಮನೆಗೆ ಬಂದು ಹೆಂಡತಿ ಪುಟ್ಟತಾಯಮ್ಮನಿಗೆ ಹೇಳಿದೆ. ಮದ್ದೂರಿನಿಂದ ನಿಡಘಟ್ಟದ ತವರಿಗೆ ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದಿತ್ತು. ಏರು ಬಂದಾಗ ಗಂಡಸರು ಇಳಿದು ಬಸ್ಸು ತಳ್ಳುತ್ತಿದ್ದರು, ಹೆಂಗಸರು ಹಿಂದೆ ಹರಟುತ್ತಾ ನಡೆಯುತ್ತಿದ್ದರು. ಆದರೂ ತವರು ತವರೇ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ನೋಡಿ, ಆ ಲಿಂಗಣ್ಣ ಮೇಷ್ಟ್ರು ಎಲ್ಲಿಗಾರ ಓಗ್ಲಿ. ನಾನಂತೂ ಮದ್ದೂರ್ ಬುಟ್ಟು ಕದಲಾಕಿಲ್ಲ. ನೆಟ್ಟಗೆ ಬರೀರಿ" ಎಂದಳು.

ನೆಟ್ಟಗೆ ಬರೆಯಲು ಕೂತೆ. ಲೇಖನದಲ್ಲಿ ಹೇಳಿದ್ದನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆ ಬೇಕಾಯಿತು. ಉದಾಹರಣೆ ಸ್ಪಷ್ಟವಾಗಲು ಒಂದು ಕಥೆ ಬೇಕಾಯಿತು. ಕಥೆಯ ನೀತಿ ಇನ್ಸ್‌ಪೆಕ್ಟರಿಗೆ ತಿಳಿಯದೆ ಹೋದೀತೆಂದು ಅದನ್ನೂ ಬಿಡಿಸಿ ಹೇಳಿದೆ. ಶನಿವಾರ ಸಂಜೆಗೆ ಸಾರಾಂಶ ಹದಿನಾಲ್ಕು ಪುಟವಾಗಿತ್ತು, ನಾನಿನ್ನೂ ಲೇಖನದ ಎರಡನೆಯ ಪುಟದಲ್ಲಿದ್ದೆ. ಲಿಂಗಣ್ಣ ಮೇಷ್ಟರು ಮಾತ್ರ ಮುಗಿಸಿಬಿಟ್ಟಿದ್ದರು. "ಈ ಲೇಖನದ ಪ್ರತಿಯೊಂದು ಅಕ್ಷರವೂ ಮುಖ್ಯವಾದುದರಿಂದ ಇದನ್ನು ಸಂಕ್ಷೇಪಿಸುವುದು ಮಹಾಪರಾಧವೆಂದು ಭಾವಿಸಿ ಕೈಮುಗಿಯುತ್ತೇನೆ" ಎಂದು ಬರೆದು ಕೆಳಗೆ ರುಜು ಹಾಕಿದ್ದರಂತೆ. ಇದು ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆ ಉರಿದುಹೋಯಿತು.

ಭಾನುವಾರ ಬೆಳಿಗ್ಗೆ ತಲೆಕೆಟ್ಟು ಸೈಕಲ್ ರಿಪೇರಿ ಮಾಡುವ ಬಾಷಾ ಸಾಬರ ಅಂಗಡಿಗೆ ಹೋದೆ. ಹೋಗಲು ಕಾರಣ ಬೇಕಿರಲಿಲ್ಲ, ನನ್ನ ಸೈಕಲ್ಲು ಅಲ್ಲೇ ವಾಸವಾಗಿತ್ತು. ಸಾಬರು ಗೋಣಿತಾಟಿನ ಮೇಲೆ ಒಂದು ಚಕ್ರವನ್ನು ಬಿಚ್ಚಿ ಹರಡಿದ್ದರು.

"ಏನ್ ಮೇಷ್ಟ್ರೇ, ಮೊಕ ಪಂಚರ್ ಆದಂಗೈತೆ?"

ನಾನು ಕಷ್ಟ ತೋಡಿಕೊಂಡೆ. ಅವರು ಕೈ ಒರೆಸಿಕೊಂಡು, "ಅದೇನ್ ಬರ್ದವ್ರೋ ಓದಿ. ಬಿಚ್ಚಾನ" ಎಂದರು.

ಮೊದಲನೆಯ ಪುಟದಲ್ಲಿ ಪ್ರಾಚೀನ ಗುರುಕುಲಗಳ ವರ್ಣನೆ. ಸಾಬರು ಕಣ್ಣುಮುಚ್ಚಿ ಕೇಳಿ, "ಇದ್ನ ತಗುದ್ರೆ ಗಾಡಿ ಓಡಾಕಿಲ್ವಾ?" ಎಂದರು.

"ಓಡುತ್ತೆ."

"ಅಂಗಾರೆ ತಗೀರಿ."

ಮೂರನೆಯ ಪುಟದಲ್ಲಿ ಫ್ರಾನ್ಸಿನ ಶಾಲೆಗಳು. "ಆ ಮಕ್ಳು ಮದ್ದೂರ್‌ಗೆ ಬತ್ತವಾ? ತಗೀರಿ." ಆರನೆಯ ಪುಟದಲ್ಲಿ ಇನ್ಸ್‌ಪೆಕ್ಟರೇ ಶಾರದೆಯ ಮೇಲೆ ಕಟ್ಟಿದ ಪದ್ಯ. ಸಾಬರು ತಲೆದೂಗಿದರು. "ಚೆನ್ನಾಗೈತೆ. ಆದ್ರೂ ಇದು ಬೆಲ್ಲು ಮೇಷ್ಟ್ರೇ. ಬೆಲ್ ಇಲ್ದೇನೂ ಓಡ್ತದೆ."

"ಹೀಗೆ ತೆಗೆಯುತ್ತಾ ಹೋಗಿ, ಬೇಕಾದದ್ದೇ ಹೊರಗುಳಿದರೆ?" ಎಂದು ಕೇಳಿದೆ.

"ಗಾಡಿ ಓಡುದ್ರೆ ಮಿಕ್ಕಿದ್ದು ಬ್ಯಾಡದ ಸಾಮಾನು. ಓಡ್ನಿಲ್ಲ ಅಂದ್ರೆ ಗಿರಾಕಿ ವಾಪಸ್ ಬತ್ತಾನಲ್ಲ."

ನನ್ನ ಸೈಕಲ್ಲಿಗೆ ಎರಡು ತಿಂಗಳಿನಿಂದ ಬ್ರೇಕ್ ಏಕಿಲ್ಲವೆಂಬುದು ಆಗ ತಿಳಿಯಿತು. ಆದರೆ ಹನ್ನೊಂದನೆಯ ಪುಟ ಮುಗಿಯುವ ಹೊತ್ತಿಗೆ ಗೋಣಿತಾಟಿನ ಮೇಲೆ ಉಳಿದದ್ದು ಎರಡೇ ಎರಡು ವಾಕ್ಯ: ಮಕ್ಕಳು ದಿನವೂ ಶಾಲೆಗೆ ಬರಬೇಕು. ಬರದಿದ್ದರೆ ಮೇಷ್ಟರೇ ಮನೆಗೆ ಹೋಗಿ ಕರೆತರಬೇಕು.

ಮನೆಗೆ ಬಂದು ಅದನ್ನು ಅರ್ಧ ಹಾಳೆಯಲ್ಲಿ ದುಂಡಗೆ ಬರೆದು ನೋಡಿದೆ. ಪೇಟ, ಕೋಟು, ಕಚ್ಚೆಪಂಚೆ ಎಲ್ಲ ಕಳಚಿ ಸಾಹೇಬರನ್ನು ಲಂಗೋಟಿಯಲ್ಲಿ ನಿಲ್ಲಿಸಿದಂತೆ ಕಾಣುತ್ತಿತ್ತು. ನಡುವೆ ಒಂದು ಗುರುಕುಲವನ್ನಾದರೂ ತುರುಕೋಣವೆಂದು ಲೇಖನಿ ಅದ್ದುವಷ್ಟರಲ್ಲಿ ಹೆಡ್‌ಮೇಷ್ಟರು ಬಂದು, ನಾಳೆ ಬೆಳಗಿನ ಟಪಾಲಿಗೆ ಹಾಕಬೇಕೆಂದು ಹಾಳೆಯನ್ನು ಕಿತ್ತುಕೊಂಡು ಹೋದರು. ಎಂಟು ದಿನ ನನಗೆ ಅನ್ನ ಸೇರಲಿಲ್ಲ.

ಒಂಬತ್ತನೆಯ ದಿನ ಇನ್ಸ್‌ಪೆಕ್ಟರು ಬಂದರು. ಮೇಜಿನ ಮುಂದೆ ನಮ್ಮನ್ನು ನಿಲ್ಲಿಸಿ ಲಿಂಗಣ್ಣ ಮೇಷ್ಟರ ಹಾಳೆ ಓದಿ, "ಭಕ್ತಿ ಇದೆ" ಎಂದು ಪಕ್ಕಕ್ಕಿಟ್ಟರು. ನನ್ನದನ್ನು ಓದಿದರು. ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಕನ್ನಡಕ ತೆಗೆದರು.

"ಇದನ್ನು ಬರೆದವರು ಯಾರ್ರೀ?"

ಲಿಂಗಣ್ಣ ಮೇಷ್ಟರು ಕೂಡಲೇ ನನ್ನ ಕಡೆ ತೋರಿಸಿದರು. ಅಂಥ ಸಹಾಯ ಅವರು ಹಿಂದೆಂದೂ ಮಾಡಿರಲಿಲ್ಲ.

"ಶಭಾಷ್!" ಎಂದು ಇನ್ಸ್‌ಪೆಕ್ಟರು ಎದ್ದು ನನ್ನ ಕೈ ಹಿಡಿದು ಕುಲುಕಿದರು. "ಹನ್ನೊಂದು ಪುಟದಲ್ಲಿ ನಾನೇನು ಹೇಳಹೊರಟಿದ್ದೆ ಅಂತ ನನಗೇ ಈಗ ಗೊತ್ತಾಯಿತು ನೋಡಿ!"

ಆ ಗಳಿಗೆಯಲ್ಲಿ ನಾನು ನಿಜವಾಗಿ ಹಿಗ್ಗಿಹೋದೆ. ಅಲ್ಲಿಗಾದರೂ ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ. ಆದರೆ ಮೆಚ್ಚಿಗೆ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಹೇಗೆ? "ಮನೆಮನೆಗೆ ಹೋಗುವುದೇ ತಮ್ಮ ಲೇಖನದ ಜೀವಾಳ, ಸ್ವಾಮಿ. ಆ ಶ್ರದ್ಧೆ ಮೇಷ್ಟರಲ್ಲಿರಬೇಕು" ಎಂದೂ ಸೇರಿಸಿಬಿಟ್ಟೆ.

"ಅದೇ ಮಾತು! ನಿಮ್ಮಂಥವರು ಮದ್ದೂರಿನಲ್ಲಿ ಕೊಳೆಯಬಾರದು" ಎಂದರು ಇನ್ಸ್‌ಪೆಕ್ಟರು. "ಇಲ್ಲಿ ಗಂಟೆ ಹೊಡೆದರೆ ಮಕ್ಕಳು ತಾವೇ ಬರುತ್ತವೆ. ಬಸರಾಳಿನಿಂದಾಚೆಗೆ ನಡೆದು ಹೋಗಬೇಕಾದ ಒಂದು ಹಳ್ಳಿ ಇದೆ. ಕಬ್ಬು ಅರೆಯುವ ಕಾಲ ಬಂತೆಂದರೆ ರಿಜಿಸ್ಟರಿನಲ್ಲಿ ಹೆಸರುಗಳಿರುತ್ತವೆ, ಮಕ್ಕಳೆಲ್ಲ ಆಲೆಮನೆಯಲ್ಲಿರುತ್ತವೆ. ನನ್ನ ಲೇಖನವನ್ನು ಅರ್ಥಮಾಡಿಕೊಂಡಿರುವವರೇ ಅಲ್ಲಿಗೆ ಹೋಗಬೇಕು. ಲಿಂಗಣ್ಣನವರು ಪಾಪ, ಇಲ್ಲೇ ಇರಲಿ."

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಪುಟ್ಟತಾಯಮ್ಮ ಮೊರ ಕೆಳಗಿಟ್ಟು, "ಅದೇನ್ ಬರುದ್ರಿ, ಓದಿ" ಎಂದಳು. ಬಾಯಲ್ಲೇ ಇತ್ತು, ಹೇಳಿದೆ.

"ಎಲ್ಡೇ ಸಾಲಾ?"

"ಎರಡೇ."

"ನಂಗೂ ಅರ್ತ ಆಯ್ತಲ್ಲಾ!" ಎಂದು ಅವಳು ಹಣೆ ಚಚ್ಚಿಕೊಂಡಳು. "ಇಷ್ಟ್ ವರ್ಸ ಯಾರ್ಗೂ ಅರ್ತ ಆಗ್ದಂಗೆ ಬರ್ಕಂಡು ಸುಕ್ವಾಗಿದ್ರಲ್ಲ, ಅದ್ನ ಬುಡಿ ಅಂತ ಯಾರ್ ಏಳ್ಕೊಟ್ರು ನಿಮ್ಗೆ?"

ಬಾಷಾ ಸಾಬರ ಹೆಸರು ಹೇಳುವ ಧೈರ್ಯ ಬರಲಿಲ್ಲ. ಪಾತ್ರೆಗಳನ್ನು ಕಟ್ಟಲು ಹಗ್ಗ ತರುತ್ತೇನೆಂದು ಹೇಳಿ ಎದ್ದು ಹೊರಗೆ ಹೋದೆ.