ದೆವ್ವದ ಪಕ್ಷದ ಮಾವಶಿ

ನಮ್ಮ ಮಾವಶಿಗೆ ದೆವ್ವಗಳ ಭಯವಿಲ್ಲ. ಹಾಗಾದರೆ ದೆವ್ವಗಳಿಗೇ ಮಾವಶಿಯ ಭಯವಿರಬೇಕು ಎಂದು ನೀವು ಊಹಿಸಿದರೆ ಅದೂ ತಪ್ಪು. ಅವರದು ತವರುಮನೆಯ ನಂಟು!

ಮಾವಶಿ ಎಂದರೆ ನನ್ನ ತಾಯಿಯ ಅಕ್ಕ. ಮಿರಜ ಪೇಟೆಯ ಕಿರಾಣಿ ಅಂಗಡಿಯನ್ನು ಮಗನಿಗೊಪ್ಪಿಸಿ ಈಗ ವಿಶ್ರಾಮಬಾಗದಲ್ಲಿ ನಮ್ಮ ಜೊತೆಗಿದ್ದಾರೆ. ಈ ವಯಸ್ಸಿನವರು ಭಕ್ತಿಚಿತ್ರ ನೋಡಬೇಕಲ್ಲವೇ? ಇವರಿಗೆ ದೆವ್ವದ ಸಿನಿಮಾ ಬೇಕು. ಅದೂ ಹೆಣ್ಣು ದೆವ್ವದ್ದೇ ಆಗಬೇಕು.

ಒಮ್ಮೆ ಸಾಂಗ್ಲಿಯ ಟಾಕೀಜಿಗೆ ಕರೆದೊಯ್ದೆ. ಪರದೆಯ ಮೇಲೆ ಬಿಳಿ ಸೀರೆಯವಳೊಬ್ಬಳು ಕೂದಲು ಕೆದರಿಕೊಂಡು ಬಾವಿಯಿಂದ ಎದ್ದಳು. ಎಲ್ಲರೂ ಕಿರುಚಿದರು. ನಾನು ಓಢಣಿಯಲ್ಲಿ ಮುಖ ಮುಚ್ಚಿಕೊಂಡೆ. ಮಾವಶಿ ಮಾತ್ರ ಚುರುಮುರಿ ಪೊಟ್ಟಣ ಬದಿಗಿಟ್ಟು, "ಬಾ ತಂಗಿ, ಹುಷಾರ್, ಕಲ್ಲು ಜಾರ್ತಾವ" ಎಂದರು!

ಮುಂದಿನ ಸೀಟಿನವನು ತಿರುಗಿ, "ಆಜಿ, ಗಪ್ಪ ಬಸಾ ನಾ!" ಎಂದು ಸುಮ್ಮನೆ ಕೂರುವಂತೆ ಮರಾಠಿಯಲ್ಲಿ ಗದರಿದ.

"ನೀವೆಲ್ಲಾ ಗಪ್ಪ ಕುಂತಿದ್ದಕ್ಕ ಆಕಿ ಬಾವ್ಯಾಗ ಬಿದ್ದಾಳ!"

ಆತ ಮತ್ತೆ ತಿರುಗಲಿಲ್ಲ. ಮಧ್ಯಂತರದಲ್ಲಿ ನಾನು ಕೇಳಿದೆ: "ಮಾವಶಿ, ಸಿನಿಮಾದಾಗ ದೆವ್ವ ಯಾವಾಗ್ಲೂ ಹೆಣ್ಣ ಯಾಕ್ರಿ?"

"ಗಂಡಸ್ರು ಜೀವಂತ ಇದ್ದಾಗ ಎಲ್ಲಾ ಮಾತಾಡಿ ಮುಗಿಸಿರ್ತಾರ. ನಮಗ ಸತ್ತ ಮ್ಯಾಲೆ ಪುರಸೊತ್ತು ಸಿಗತೈತಿ."

ನನ್ನನ್ನು ನೋಡಲು ಸಾಂಗ್ಲಿವಾಡಿಯಿಂದ ವರ ಬಂದಾಗಲೂ ಮಾವಶಿ ಅವನ ನೌಕರಿ, ಹೊಲ ಯಾವುದನ್ನೂ ವಿಚಾರಿಸಲಿಲ್ಲ. "ಸಿನಿಮಾದಾಗ ಕಡೀಕ ದೆವ್ವ ಗೆಲ್ಲಬೇಕೋ, ಮಾಂತ್ರಿಕ ಗೆಲ್ಲಬೇಕೋ?" ಎಂದರು.

"ಮಾಂತ್ರಿಕನಽ ಗೆಲ್ಲಬೇಕ್ರಿ, ಅದ್ರಾಗೇನೈತಿ?"

"ಪೋಹೆ ತಿನ್ರಿ, ಆರತಾವ" ಎಂದು ಮಾವಶಿ ಅವಲಕ್ಕಿಯ ತಟ್ಟೆ ಮುಂದೆ ಸರಿಸಿದರು. ಸಂಬಂಧ ಅಲ್ಲಿಗೇ ಆರಿತು!

ಇತ್ತೀಚೆಗೆ ಮಾಲಗಾಂವದ ನೆಂಟರಿಂದ ಫೋನು ಬಂತು. ಸೊಸೆಗೆ ದೆವ್ವ ಬಡಿದಿದೆಯಂತೆ, ಬಿಡಿಸಲು ಮಾಂತ್ರಿಕ ಬರುತ್ತಾನಂತೆ. ಮಾವಶಿ ಚಪ್ಪಲಿ ಮೆಟ್ಟಿಯೇ ಬಿಟ್ಟರು. ನಾವು ತಲುಪುವಷ್ಟರಲ್ಲಿ ಮಾಂತ್ರಿಕ ಬೇವಿನ ತೊಪ್ಪಲು ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದ. ಸೊಸೆ ಒಳಕೋಣೆಯ ಮೂಲೆಯಲ್ಲಿ, "ಯಾರೂ ಮುಟ್ಟಬ್ಯಾಡ್ರಿ!" ಎಂದು ಚೀರುತ್ತಿದ್ದಳು.

"ನಿಮ್ಮ ಪಾಳಿ ಆಮ್ಯಾಲೆ" ಎಂದು ಮಾಂತ್ರಿಕನಿಗೆ ಹೇಳಿ ಮಾವಶಿ ಒಬ್ಬರೇ ಒಳಗೆ ಹೋಗಿ ಅಗಳಿ ಹಾಕಿಕೊಂಡರು. ಚೀರಾಟ ನಿಂತಿತು. ಬಹಳ ಹೊತ್ತಾದ ಮೇಲೆ ಹೊರಬಂದು ಘೋಷಿಸಿದರು:

"ದೆವ್ವ ಬಿಟ್ಟ ಹೋಗತೈತಂತ. ಆದ್ರ ಅದರ ಕರಾರು ಅದಾವ. ಸೊಸಿ ಬೆಳಕ ಹರಿಯೂತನಾ ಮಲಗಬೇಕು. ನೀವು ಬಿಡಿಸಿದ ಕಾಲೇಜಿಗೆ ಮತ್ತ ಹೋಗಬೇಕು. ಐತವಾರ ರೊಟ್ಟಿ ಗಂಡ ಬಡೀಬೇಕು."

ಅತ್ತೆ ಕಣ್ಣುಬಾಯಿ ಬಿಟ್ಟರು. "ದೆವ್ವಕ್ಕ ಕಾಲೇಜ್ ಯಾಕ ಬೇಕ್ರಿ?"

"ಬಿ.ಎ. ಅರ್ಧಕ್ಕ ಬಿಟ್ಟ ಸತ್ತಿರಬೇಕ್ರಿ, ಪಾಪ!"

"ರೊಟ್ಟಿ ನಾ ಬಡೀತೀನ್ರಿ, ಕಾಲೇಜಿಗೂ ಕಳಸ್ತೀನ್ರಿ!" ಎಂದು ಗಂಡ ನಡುಗುತ್ತಲೇ ಒಪ್ಪಿದ. ಮಾಂತ್ರಿಕ ಚಹಾ ಕುಡಿದು ಎದ್ದು ಹೋದ. ಒಳಗೆ ಇಣುಕಿದರೆ ಸೊಸೆ ಮಗುವಿನಂತೆ ನಿದ್ದೆ ಹೋಗಿದ್ದಳು.

ಮರಳುವ ಬಸ್ಸಿನಲ್ಲಿ ನಗು ತಡೆಯಲಾರದೆ ಕೇಳಿದೆ: "ಮಾವಶಿ, ದೆವ್ವದ ಜೋಡಿ ಏನ್ ಮಾತಾಡಿದ್ರಿ?"

ಅವರು ನಗಲಿಲ್ಲ. ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದರು.

"ದೆವ್ವ ಎಲ್ಲಿತ್ತವಾ? ಮದಿವ್ಯಾದ ವರ್ಷ ನನಗೂ ಬಡದೈತಿ ಅಂದಿದ್ರು. 'ಒಳಗ ಯಾರಿದ್ದೀ, ಹೆಸರ ಹೇಳು' ಅಂತ ಹೊಡದ್ರು." ಧ್ವನಿ ಇಳಿಯಿತು. "ಯಾರ ಹೆಸರ ಹೇಳ್ಲಿ? ಒಳಗ ನಾನಽ ಇದ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಮಿರಜ ದಾಟುವಷ್ಟರಲ್ಲಿ ಮಾವಶಿ ನನ್ನ ಹೆಗಲಿಗೆ ಒರಗಿ ನಿದ್ದೆಹೋದರು. ನಾವು ಇಳಿಯಬೇಕಾದ ವಿಶ್ರಾಮಬಾಗ ಬಂತು. ನಾನು ಎಬ್ಬಿಸಲಿಲ್ಲ. ಕಂಡಕ್ಟರನಿಗೆ ಮೆಲ್ಲಗೆ ಹೇಳಿ ಸಾಂಗ್ಲಿಯವರೆಗೂ ಟಿಕೆಟ್ ತೆಗೆದುಕೊಂಡೆ.