ಹೊಸ ಘಟ, ಹಳೇ ಘಟ ಮತ್ತು ನನ್ನ ಕಂಠ

ಮಡಕೆ ಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಸಾಕು, ಸೋರುತ್ತೋ ಇಲ್ಲವೋ ಹೇಳಿಬಿಡುತ್ತೇನೆ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಬೇಸಿಗೆ ಬಂತೆಂದರೆ ನಾಲ್ಕು ಮನೆಯವರು ನನ್ನನ್ನು ಕರೆದುಕೊಂಡು ಹೋಗಿಯೇ ನೀರಿನ ಮಡಕೆ ತರುತ್ತಿದ್ದರು. ಹೀಗಿರುವಾಗ ನಮ್ಮ ಮಾವನವರಿಗೆ ಒಂದು ಘಟ ತರಬೇಕಾಗಿ ಬಂದಾಗ ನಾನು ಯಾಕೆ ಹೆದರಲಿ?

"ಅದೇನು ಮಹಾ ರೀ! ಸಂಗೀತ ಕಚೇರಿಯಲ್ಲಿ ಕೂತ ಮಾತ್ರಕ್ಕೆ ಮಡಕೆ ಮಡಕೆ ಅಲ್ಲದೆ ಹೋಗುತ್ತಾ?" ಅಂದೆ.

"ಹೋಗುತ್ತೆ ಕಣೇ ಜಾನಕಿ," ಅಂದರು ನಮ್ಮ ಯಜಮಾನರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಘಟ ಯಾಕೆ ಬೇಕಾಯಿತು ಅಂತ ಮೊದಲು ಹೇಳಬೇಕು. ಹೇಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳಿಬಿಡುತ್ತೇನೆ, ಬಿಡಿ.

ನಮ್ಮ ಮಾವನವರು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ದೊಡ್ಡ ವಿದ್ವಾಂಸರೇನಲ್ಲ, ಆದರೆ ಬೆಳಗ್ಗೆ ಅತ್ತೆ ದೇವರಿಗೆ ಹೂವು ಕಟ್ಟುತ್ತಾ ಹಾಡಿಕೊಳ್ಳುವಾಗ ಇವರು ಹಜಾರದಲ್ಲಿ ಘಟವನ್ನು ಹೊಟ್ಟೆಗೆ ಒತ್ತಿಕೊಂಡು ಕೂತು ನುಡಿಸುತ್ತಿದ್ದರು. ನಲವತ್ತು ವರ್ಷ ಇದೇ ಪದ್ಧತಿ. ನಾನು ಸೊಸೆಯಾಗಿ ಬಂದ ಹನ್ನೊಂದು ವರ್ಷವೂ ಅದೇ ಸದ್ದಿನಲ್ಲಿ ಕಾಫಿ ಸೋಸಿದ್ದೇನೆ. ಸಂಗೀತ ಅಂತ ಒಂದು ದಿನವೂ ಕೇಳಿರಲಿಲ್ಲ. ಡಿಕಾಕ್ಷನ್ ಇಳಿಯಿತೋ ಇಲ್ಲವೋ ಅನ್ನುವುದರ ಮೇಲೇ ನನ್ನ ಗಮನ.

ಆ ವರ್ಷ ಅತ್ತೆ ಹೋಗಿಬಿಟ್ಟರು. ಮೂರು ದಿನದ ಜ್ವರ, ಅಷ್ಟೇ. ಮನೆ ತುಂಬ ನೆಂಟರು. ಮಲಗೋಕೆ ಜಾಗ ಬೇಕಲ್ಲ, ಮಾವನವರ ಕೋಣೆ ಖಾಲಿ ಮಾಡಿಸಿ, ಅವರ ಘಟವನ್ನು ಒಂದು ಹಳೇ ಪಂಚೆಯಲ್ಲಿ ಸುತ್ತಿ ಉಗ್ರಾಣದಲ್ಲಿ ಮಡಕೆಗಳ ಸಾಲಿನಲ್ಲಿ ಇಟ್ಟವಳು ನಾನೇ. ಸೂತಕ ಕಳೆಯುವ ದಿನ ಪುರೋಹಿತರು ಹೇಳಿದರು: "ಹಿತ್ತಾಳೆ, ತಾಮ್ರ ತೊಳೆದ್ರೆ ಶುದ್ಧ ಆಗುತ್ತೆ ಕಣಮ್ಮ. ಮಣ್ಣಿನದಕ್ಕೆ ಶುದ್ಧಿ ಇಲ್ಲ. ಮನೇಲಿ ಮಣ್ಣಿನ ಪಾತ್ರೆ ಒಂದೂ ಉಳೀಬಾರದು."

ಶುದ್ಧೀಕರಣದ ಸಕಲ ಜವಾಬ್ದಾರಿಯನ್ನೂ ನಾನು ಸ್ವ-ಇಚ್ಛೆಯಿಂದ ವಹಿಸಿಕೊಂಡೆ. ನೀರಿನ ಮಡಕೆ, ಉಪ್ಪಿನ ಮಡಕೆ, ಹುಣಸೆಹಣ್ಣಿನ ಮಡಕೆ ಎಲ್ಲವನ್ನೂ ಹಿತ್ತಿಲಿಗೆ ಸಾಗಿಸಿದೆ. ಉಪ್ಪಿನಕಾಯಿ ಜಾಡಿಯ ಸರದಿ ಬಂದಾಗ ಮಾತ್ರ ಪುರೋಹಿತರ ಜೊತೆ ವಾದಕ್ಕೇ ನಿಂತೆ. "ಜಾಡಿ ಪಿಂಗಾಣಿ ಸ್ವಾಮಿ, ಮಣ್ಣಲ್ಲ! ಇದರಲ್ಲಿ ಈ ವರ್ಷದ ಮಾವಿನಮಿಡಿ ಇದೆ!" ಅವರು ಸೋತರು. ಜಾಡಿ ಗೆದ್ದಿತು. ಆ ಗೆಲುವಿನ ಹುರುಪಿನಲ್ಲಿ ಉಳಿದ ಮಡಕೆಗಳನ್ನು ಒಂದೊಂದಾಗಿ ಒಗೆಯೋ ಕಲ್ಲಿನ ಮೇಲೆ ಕುಕ್ಕಿ ಒಡೆದೆ. ಪಂಚೆ ಸುತ್ತಿದ್ದ ಕೊನೆಯದು ಮೊದಲ ಏಟಿಗೆ ಒಡೆಯಲಿಲ್ಲ. 'ಠಣ್' ಅಂತು. "ಅಬ್ಬಾ, ಎಂಥಾ ಗಟ್ಟಿ ಮಡಕೆ!" ಅಂತ ಬಾಯಿ ಬಿಟ್ಟು ಹೊಗಳಿ, ಇನ್ನೊಂದು ಸಲ ಕುಕ್ಕಿದೆ.

ಒಡೆಯಿತು.

ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಬೆಳಗ್ಗೆ ಮಾವನವರು ಅಡುಗೆಮನೆ ಬಾಗಿಲಿಗೆ ಬಂದರು. "ಅಮ್ಮಾ ಜಾನಕಿ, ಘಟ ಎಲ್ಲಿಟ್ಟಿದೀಯಮ್ಮ?"

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನಾನು ಹೇಳಬೇಕಾಗಿಯೇ ಬರಲಿಲ್ಲ, ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ಹೋಗ್ಲಿ ಬಿಡಮ್ಮ, ಶಾಸ್ತ್ರ ಶಾಸ್ತ್ರವೇ," ಅಂದು ವಾಪಸು ಹೋದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವತ್ತಿನಿಂದ ಅವರು ಹಜಾರಕ್ಕೆ ಬರುವುದನ್ನೇ ಬಿಟ್ಟರು. ಕಾಫಿ ಕೋಣೆಗೇ ಹೋಗುತ್ತಿತ್ತು, ಅರ್ಧ ಹಾಗೇ ವಾಪಸು ಬರುತ್ತಿತ್ತು.

ಹೀಗಾಗಿ ಘಟ ಬೇಕಾಯಿತು. ಹೊಸದೋ, ಹಳೇದೋ? ಅಲ್ಲಿಂದ ಶುರುವಾಯಿತು ನೋಡಿ.

"ಹಳೇದೇ ತರೋಣ ಕಣೇ. ನುಡಿಸಿ ನುಡಿಸಿ ನಾದ ಪಳಗಿರುತ್ತೆ," ಅಂದರು ಯಜಮಾನರು.

"ರೀ, ಯಾರದೋ ಮನೆಯ ಹಳೇ ಮಡಕೆ! ಆ ಮನೇಲಿ ಎಷ್ಟು ಸೂತಕ ಆಗಿದೆಯೋ ಏನೋ. ಆಗಿದ್ದೂ ಎಸೆದಿಲ್ಲ ಅಂದ್ರೆ ಅವರು ಎಂಥವರೋ!"

"ಎಸೆಯದೇ ಇರೋರು ಒಳ್ಳೇವ್ರೇ ಇರ್ತಾರೆ ಬಿಡು," ಅಂದರು. ಆ ಮಾತು ಚುಚ್ಚಿತು. ಆದರೆ ತಪ್ಪು ನನ್ನದಲ್ಲವೆ? ಬಾಯಿ ಮುಚ್ಚಿಕೊಂಡು ಹೊಸದರ ಪಕ್ಷವನ್ನೇ ಹಿಡಿದೆ.

ಮಾರುಕಟ್ಟೆ ಹಿಂದಿನ ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವನು ಐದಾರು ಘಟ ಸಾಲಾಗಿ ಇಟ್ಟು, "ಯಾವ ಶ್ರುತೀದು ಬೇಕು ತಾಯಿ?" ಅಂದ.

"ಮೀಡಿಯಂ," ಅಂದೆ.

ಅವನು ಯಜಮಾನರ ಮುಖ ನೋಡಿದ. ಯಜಮಾನರು ಮೇಲೆ ತೂಗುಹಾಕಿದ್ದ ಪಿಟೀಲು ನೋಡಿದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ಘಟವನ್ನೂ ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿದೆ, ಒಳಗೆ ಮೂಗಿಟ್ಟು ಮೂಸಿದೆ, ಕೊನೆಗೆ, "ಒಂದು ಚೊಂಬು ನೀರು ಕೊಡಪ್ಪ, ಸೋರುತ್ತಾ ನೋಡೋಣ," ಅಂದೆ.

"ಅಯ್ಯೋ ತಾಯಿ! ನೀರು ಗೀರು ಹಾಕ್ಬುಟ್ಟೀರ! ಇದು ಘಟ ಕಣ್ರವ್ವ!" ಅಂತ ಅವನು ಕೈಯಿಂದ ಕಿತ್ತುಕೊಂಡ. ಶ್ರುತಿ ಅಂದರೆ ಪ್ರತಿ ಘಟಕ್ಕೂ ಹುಟ್ಟಿನಿಂದಲೇ ಬಂದ ಸ್ವರವಂತೆ. ಸುಟ್ಟ ಮೇಲೆ ಅದನ್ನು ಏರಿಸೋಕೂ ಆಗಲ್ಲ, ಇಳಿಸೋಕೂ ಆಗಲ್ಲವಂತೆ. ಇಷ್ಟೆಲ್ಲ ಪಾಠ ಕೇಳಿಯೂ ನಾನು ಆರಿಸಿದ್ದು ಬಣ್ಣ ನೋಡಿ. ಕೆಂಪಗೆ, ದುಂಡಗೆ, ಮುದ್ದಾಗಿತ್ತು!

ಸ್ಕೂಟರಿನ ಹಿಂದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು ಬಂದೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದಲ್ಲಿದ್ದ ಹೆಂಗಸು, "ಮಡಕೆ ಎಷ್ಟು ಚೆನ್ನಾಗಿದೆ ಕಣ್ರೀ, ನೀರು ತಣ್ಣಗಿರುತ್ತಾ?" ಅಂದಳು. "ತುಂಬಾ!" ಅಂದುಬಿಟ್ಟೆ, ಅಭ್ಯಾಸ ಬಲ.

ಮಾವನವರು ಘಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಂದು ಸಲ ತಟ್ಟಿ, ಕಿವಿಗೊಟ್ಟು ಕೇಳಿದರು. "ಚೆನ್ನಾಗಿದೆ ಕಣಮ್ಮ," ಅಂದರು. ಜೋಪಾನವಾಗಿ ಮೂಲೆಯಲ್ಲಿ ಸಿಂಬೆಯ ಮೇಲಿಟ್ಟರು. ಒಂದು ವಾರ ಕಾದೆ, ಎರಡು ವಾರ ಕಾದೆ. ಅದರ ಮೇಲೆ ಧೂಳು ಕೂತಿತು. ದಿನಾ ಒರೆಸುವ ಕೆಲಸ ಒಂದು ಹೆಚ್ಚಾಯಿತು.

"ನಾನು ಹೇಳಲಿಲ್ವಾ, ಹಳೇದು ಅಂತ," ಅಂದರು ಯಜಮಾನರು. ಸರಿ, ಈ ಸಲ ಹಳೇದು! ಕುವೆಂಪುನಗರದಲ್ಲಿ ಒಬ್ಬ ಮೃದಂಗದ ಮೇಷ್ಟ್ರ ಹತ್ತಿರ ಒಂದು ಹಳೇ ಘಟ ಇದೆಯಂತೆ, ಒಳ್ಳೆಯವರಿಗೆ ಕೊಡುತ್ತಾರಂತೆ ಅಂತ ತಿಳಿಯಿತು. ಒಳ್ಳೆಯವಳ ಮುಖ ಮಾಡಿಕೊಂಡು ಹೋದೆ.

ಘಟ ಕಪ್ಪಗಿತ್ತು. ಬೆರಳು ತಾಗಿ ತಾಗಿ ಒಂದು ಕಡೆ ನುಣುಪಾಗಿತ್ತು. ಮೇಷ್ಟ್ರು ಕೇಳಿದರು, "ನಿಮ್ಮ ಮಾವನವರು ಯಾರಿಗೆ ನುಡಿಸ್ತಿದ್ರು?"

"ನಮ್ಮತ್ತೆಗೆ."

"ಹಾಗಾದ್ರೆ ಅತ್ತೆಯವರ ಶ್ರುತಿ ಎಷ್ಟು?"

ನನಗೆ ಗೊತ್ತಿರಲಿಲ್ಲ. ಅತ್ತೆಯ ಸಕ್ಕರೆ ಕಾಯಿಲೆ ಎಷ್ಟು ಅಂತ ಗೊತ್ತಿತ್ತು, ರವಿಕೆ ಅಳತೆ ಗೊತ್ತಿತ್ತು, ಸಾರಿಗೆ ಎಷ್ಟು ಉಪ್ಪು ಅಂತ ಗೊತ್ತಿತ್ತು. ದಿನಾ ಕೇಳಿದ ದನಿ ಗೊತ್ತಿರಲಿಲ್ಲ. "ಸ್ವಲ್ಪ ಅವರ ಹಾಗೆ ಹಾಡಿ ತೋರಿಸಿ, ಅಂದಾಜು ಸಿಗುತ್ತೆ," ಅಂದರು ಮೇಷ್ಟ್ರು. ಹಾಡಿದೆ. ಒಂದೇ ಸಾಲು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ತಲ್ಲೀನರಾದರು ಅಂತ ಇನ್ನೂ ಗಟ್ಟಿಯಾಗಿ ಎರಡನೇ ಸಾಲು ಎತ್ತಿದೆ. "ಸಾಕು ಸಾಕು ತಾಯಿ! ಘಟ ತಗೊಂಡು ಹೋಗಿ. ಅವರಿಗೆ ಹೊಂದದಿದ್ರೆ ವಾಪಸು ತಂದುಕೊಡಿ," ಅಂತ ಬಾಗಿಲವರೆಗೂ ಬಂದು ಬಿಟ್ಟುಹೋದರು.

ಮನೆಗೆ ಬಂದವಳೇ ಎರಡೂ ಘಟಗಳನ್ನು ಮಾವನವರ ಮುಂದಿಟ್ಟೆ. "ಮಾವ, ಹೊಸದೋ ಹಳೇದೋ, ನೀವೇ ಹೇಳಿಬಿಡಿ. ನನಗೆ ಸಾಕಾಯ್ತು!"

ಮಾವನವರು ಕಪ್ಪು ಘಟದ ಮೇಲೆ ಕೈ ಆಡಿಸಿದರು. "ಎರಡೂ ಒಳ್ಳೇವೇ ಕಣಮ್ಮ," ಅಂದರು. "ನುಡಿಸೋದು ಯಾರಿಗೆ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರೇ ಮಾತಾಡಿದರು, ಅಷ್ಟು ದಿನದಲ್ಲಿ ಅದೇ ಮೊದಲು ಅಷ್ಟು ಮಾತು. "ವಯಸ್ಸಾದ ಮೇಲೆ ನಿಮ್ಮತ್ತೆ ರುಕ್ಕೂ ದನಿ ಇಳಿದಿತ್ತು. ಘಟ ಇಳಿಯೋಲ್ಲವಲ್ಲ. ಪಾಪ, ಕಷ್ಟಪಟ್ಟು ಅದರ ಶ್ರುತಿಗೆ ಏರಿಸಿ ಹಾಡೋಳು. ಬೇರೆ ಘಟ ತರ್ತೀನಿ ಕಣೇ, ಹೊಸದೋ ಹಳೇದೋ ನೀನೇ ಹೇಳು ಅಂದೆ. ಯಾವುದೂ ಬೇಡ ಅಂದ್ಲು. ಇದರ ಜೊತೇಲೇ ಹತ್ತಿ ಬಂದಿದೀನಿ, ಆಗೋವರೆಗೂ ಹತ್ತುತೀನಿ ಅಂದ್ಲು." ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತೆ ಹೋದ ದಿನ ಕೂಡ ಅಷ್ಟು ಅತ್ತಿರಲಿಲ್ಲ, ಅವತ್ತು ನನಗೆ ಮೈತುಂಬ ಕೆಲಸವಿತ್ತು.

ಮಾರನೇ ದಿನ ಬೆಳಗ್ಗೆ ಒಂದು ನಿರ್ಧಾರ ಮಾಡಿದೆ. ಒಡೆದವಳು ನಾನು, ಹಾಡಬೇಕಾದವಳೂ ನಾನೇ! ಹೂವು ಕಟ್ಟುತ್ತಾ ಅತ್ತೆ ಹಾಡುತ್ತಿದ್ದ ದೇವರನಾಮವನ್ನು ಶುರುಮಾಡಿದೆ. ಪದ ಅರ್ಧ ಮರೆತಿತ್ತು. ದನಿ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದ್ದು ಕೇಳಿಸಿತು. ಯಜಮಾನರು ಅರ್ಧ ಗಡ್ಡ ಬೋಳಿಸಿಕೊಂಡವರು ಹಾಗೇ ಬಂದು, "ಏನಾಯ್ತೇ?" ಅಂದರು. ನಾನು ನಿಲ್ಲಿಸಲಿಲ್ಲ.

ಮೂರನೇ ಸಾಲಿಗೆ ಹಜಾರದಿಂದ 'ಟಕ್' ಅಂತ ಒಂದು ಸದ್ದು. ಆಮೇಲೆ ಇನ್ನೊಂದು.

ಇಣುಕಿ ನೋಡಿದರೆ ಮಾವನವರು ಅಂಗಿ ಗುಂಡಿ ಬಿಚ್ಚಿ, ಘಟ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಾರೆ. ಕೆಂಪು ಘಟ, ಹೊಸದು! ನನ್ನ ಆಯ್ಕೆ! ಹಿಗ್ಗಿ ಹೋದೆ. "ನೋಡಿದ್ರಾ ಮಾವ, ಹೊಸದೇ ಚೆನ್ನಾಗಿದೆ ಅಲ್ವಾ?"

"ಹಾಗಲ್ಲಮ್ಮ," ಅಂದರು ಮಾವನವರು. "ಹಳೇದು ಎಂತೆಂಥವರಿಗೋ ನುಡಿದ ಘಟ, ಅದಕ್ಕೆ ಯಾಕೆ ಈ ಶಿಕ್ಷೆ? ವಾಪಸು ಕೊಟ್ಟುಬಿಡು. ಹೊಸದಕ್ಕಾದ್ರೆ ಸಂಗೀತ ಅಂದ್ರೇನು ಅಂತ ಇನ್ನೂ ಗೊತ್ತಿಲ್ಲ. ನೀನು ಹಾಡಿದ್ದೇ ಸಂಗೀತ ಅಂದ್ಕೊಳ್ಳುತ್ತೆ."

ಅತ್ತೆ ಹೋದ ಮೇಲೆ ಅವರು ನಕ್ಕಿದ್ದು ಅವತ್ತೇ ಮೊದಲು. ಕಾಫಿ ಲೋಟ ಪೂರ್ತಿ ಖಾಲಿಯಾಗಿ ವಾಪಸು ಬಂತು.

ನಾಲ್ಕು ವರ್ಷ ಹಾಡಿದೆ. ದಿನಾ. ಸುಧಾರಿಸಿದೆ ಅಂತ ಯಾರೂ ಹೇಳಲಿಲ್ಲ. ಶ್ರುತಿ ತಪ್ಪಿದಾಗ ಮಾವನವರು ಘಟದ ಕುತ್ತಿಗೆಯ ಮೇಲೆ ಎರಡು ಸಲ ಗಟ್ಟಿಯಾಗಿ ತಟ್ಟಿ ಎಚ್ಚರಿಸುತ್ತಿದ್ದರು. ಹೆಚ್ಚುಕಮ್ಮಿ ಇಡೀ ಹಾಡು ಅವರು ಅಲ್ಲೇ ತಟ್ಟುತ್ತಿದ್ದರು.

ಆಮೇಲೆ ಅವರೂ ಹೋದರು. ಅದೇ ಪುರೋಹಿತರು ಬಂದರು. ಸೂತಕ ಕಳೆಯುವ ದಿನ ಅದೇ ಮಾತು ಕೇಳಿದರು: "ಮಣ್ಣಿನದೆಲ್ಲ ಹೊರಗೆ ಹಾಕಿದ್ರಾಮ್ಮ?" ಅಷ್ಟು ಹೊತ್ತಿಗೆ ನಮ್ಮ ಮನೆಗೆ ಫ್ರಿಜ್ಜು ಬಂದಿತ್ತು, ಉಪ್ಪು ಹುಣಸೆಹಣ್ಣು ಪ್ಲಾಸ್ಟಿಕ್ ಡಬ್ಬಿ ಸೇರಿದ್ದವು. ಇಡೀ ಮನೆಯಲ್ಲಿ ಮಣ್ಣಿನದು ಅಂತ ಉಳಿದಿದ್ದು ಒಂದೇ. ಅದು ಮಾವನವರ ಮಂಚದ ಕೆಳಗೆ ಇತ್ತು. ಶಾಸ್ತ್ರಕ್ಕೆ ಹೆದರುವ ಹೆಂಗಸು ನಾನು, ನಿಜವಾಗಿಯೂ ಹೆದರುತ್ತೇನೆ.

"ಎಲ್ಲಾ ಹಾಕಿದೀನಿ," ಅಂದೆ.

ಯಜಮಾನರು ನನ್ನ ಮುಖ ನೋಡಿದರು. ಸುಮ್ಮನೆ ಹೋಗಿ ಮಂಚದ ಮೇಲಿನ ಹೊದಿಕೆಯನ್ನು ಇನ್ನಷ್ಟು ಕೆಳಕ್ಕೆ ಎಳೆದು ಬಂದರು.

ಈಗಲೂ ಬೆಳಗ್ಗೆ ಹೂವು ಕಟ್ಟುತ್ತಾ ಹಾಡುತ್ತೇನೆ. ನುಡಿಸುವವರಿಲ್ಲ. ಮೊನ್ನೆ ಒಂದು ದಿನ ತಡೆಯಲಾರದೆ ಘಟವನ್ನು ಮಡಿಲಿಗಿಟ್ಟುಕೊಂಡು ಮಾವನವರ ಹಾಗೆಯೇ ಕೈ ಇಟ್ಟು, ಅದರ ಕುತ್ತಿಗೆಯ ಮೇಲೆ ಎರಡು ಸಲ ತಟ್ಟಿದೆ. ಹದವಾಗಿಯೇ ಬಂತು ಅಂದುಕೊಂಡೆ.

ಬಚ್ಚಲಮನೆಯಿಂದ ಯಜಮಾನರು ಕೂಗಿದರು. "ಜಾನಕೀ, ಯಾರೋ ಬಾಗಿಲು ತಟ್ತಿದಾರೆ ನೋಡೇ!"

"ಯಾರೂ ಬಂದಿಲ್ಲ ರೀ," ಅಂದೆ. "ನಾನೇ."